ಲೂಪಿಗೆ ‘ಬಸ್’ ಹೇಳುವವರು ಯಾರು?

ವಾಣಿಜ್ಯ ವಿಭಾಗದಲ್ಲಿದ್ದು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನಮ್ಮಂಥವರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಲೆಕ್ಕಪತ್ರ ಬರೆಯುವವರಿಗೆ ಪ್ರೋಗ್ರಾಂ ಯಾಕೆ? ನನ್ನ ಉತ್ತರ ಇಷ್ಟೇ. ಲೆಕ್ಕಶಾಸ್ತ್ರದಲ್ಲಿ ನಾವು ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು. ಜರ್ನಲಿನ ಪ್ರತಿ ನಮೂದನ್ನೂ ಲೆಡ್ಜರಿಗೆ ಹಾಕಬೇಕು, ಪ್ರತಿ ವರ್ಷವೂ ಸವಕಳಿ ಕಳೆಯಬೇಕು, ಪ್ರತಿ ಬಿಲ್ಲನ್ನೂ ಕೂಡಬೇಕು. ಕಂಪ್ಯೂಟರಿನಲ್ಲಿ ಇದಕ್ಕೆ ಲೂಪ್ ಎಂದು ಹೆಸರು. ಲೂಪ್ ಶುರು ಮಾಡುವುದನ್ನು ಎಲ್ಲರೂ ಒಂದೇ ಪೀರಿಯಡ್‌ನಲ್ಲಿ ಕಲಿಯುತ್ತಾರೆ. ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು, ನಡುವೆ ಒಂದನ್ನು ಬಿಟ್ಟು ಮುಂದೆ ಹೋಗುವುದು, ಒಳಗಿನ ಲೂಪಿನಿಂದ ಹೊರಬರುವುದು, ಇವೇ ಕಷ್ಟ. ಆ ಭಾಗವನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಸೂಚನೆ. ನಮ್ಮ ಲ್ಯಾಬಿನಲ್ಲಿರುವುದು ಪೈಥಾನ್. ಪತ್ರಿಕೆ ಕನ್ನಡದ್ದಾದ್ದರಿಂದ ಫಾರ್, ವೈಲ್, ಇಫ್, ಬ್ರೇಕ್, ಕಂಟಿನ್ಯೂ ಮುಂತಾದ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಲ್ಯಾಬಿನಲ್ಲಿ ಅವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಆದರೆ ಬೆಲೆ, ವರ್ಷ, ಒಟ್ಟು ಎಂಬ ಹೆಸರುಗಳನ್ನು ಕನ್ನಡದಲ್ಲೇ ಟೈಪ್ ಮಾಡಿದರೂ ಪೈಥಾನ್ 3 ಒಪ್ಪಿಕೊಳ್ಳುತ್ತದೆ. ನಂಬಿಕೆ ಬಾರದಿದ್ದರೆ ಒಮ್ಮೆ ಮಾಡಿ ನೋಡಿ.

ಎಷ್ಟು ಸುತ್ತು ಎಂದು ಮೊದಲೇ ಗೊತ್ತೇ?

ಲೂಪ್ ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಗೊತ್ತಿದ್ದರೆ ಫಾರ್, ಗೊತ್ತಿಲ್ಲದಿದ್ದರೆ ವೈಲ್. ಇದಕ್ಕೆ ಸವಕಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಒಂದು ಯಂತ್ರದ ಬೆಲೆ 1,00,000 ರೂಪಾಯಿ, 10 ವರ್ಷದ ಆಯಸ್ಸು, ಕೊನೆಗೆ ಗುಜರಿ ಮೌಲ್ಯ 10,000 ರೂಪಾಯಿ. ಸ್ಟ್ರೈಟ್ ಲೈನ್ ಪದ್ಧತಿಯಲ್ಲಿ ವರ್ಷಕ್ಕೆ 9,000 ರೂಪಾಯಿ ಕಳೆಯುತ್ತೇವೆ. ಸುತ್ತು ಹತ್ತೇ, ಹನ್ನೊಂದಲ್ಲ, ಒಂಬತ್ತಲ್ಲ. ಇದು ಫಾರ್ ಲೂಪಿನ ಕೆಲಸ. ಪೈಥಾನಿನಲ್ಲಿ ರೇಂಜ್(1, 11) ಎಂದು ಬರೆಯಬೇಕು, ಏಕೆಂದರೆ ರೇಂಜ್ ಕೊನೆಯ ಸಂಖ್ಯೆಯನ್ನು ಮುಟ್ಟುವುದಿಲ್ಲ. ರೇಂಜ್(1, 10) ಎಂದು ಬರೆದರೆ ಒಂಬತ್ತೇ ವರ್ಷ ಕಳೆದು, ಯಂತ್ರ 19,000 ರೂಪಾಯಿಯಲ್ಲಿ ನಿಂತುಬಿಡುತ್ತದೆ. ಕಂಪ್ಯೂಟರ್ ಯಾವ ದೂರನ್ನೂ ಹೇಳುವುದಿಲ್ಲ.

ಈಗ ಅದೇ ಯಂತ್ರಕ್ಕೆ ರಿಟನ್ ಡೌನ್ ವ್ಯಾಲ್ಯೂ ಪದ್ಧತಿ. ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇ. 15 ಕಳೆಯಬೇಕು. ಮೊದಲ ವರ್ಷದ ಕೊನೆಗೆ 85,000, ಎರಡನೆಯ ವರ್ಷ 72,250, ಮೂರನೆಯ ವರ್ಷ 61,412 ರೂಪಾಯಿ 50 ಪೈಸೆ. ಬೆಲೆ 10,000 ರೂಪಾಯಿಗಿಂತ ಕೆಳಗೆ ಇಳಿಯಲು ಎಷ್ಟು ವರ್ಷ ಬೇಕು? ಬಾಯಿಲೆಕ್ಕದಲ್ಲಿ ಹೇಳುವುದು ಕಷ್ಟ. ಆದ್ದರಿಂದ ವೈಲ್:

ಬೆಲೆ = 100000
ವರ್ಷ = 0
ವೈಲ್ ಬೆಲೆ > 10000:
    ಬೆಲೆ = ಬೆಲೆ - ಬೆಲೆ * 15 / 100
    ವರ್ಷ = ವರ್ಷ + 1
ಪ್ರಿಂಟ್(ವರ್ಷ, ಬೆಲೆ)

ಉತ್ತರ 15 ವರ್ಷ, ಬೆಲೆ ಸುಮಾರು 8,735 ರೂಪಾಯಿ 42 ಪೈಸೆ. ಹದಿನಾಲ್ಕನೆಯ ವರ್ಷದ ಕೊನೆಗೆ ಅದು 10,276 ರೂಪಾಯಿ 97 ಪೈಸೆ ಇರುತ್ತದೆ, ಹಾಗಾಗಿ ಇನ್ನೊಂದು ಸುತ್ತು ಹೋಗಲೇಬೇಕು.

ಈಗ ಷರತ್ತನ್ನು ಸ್ವಲ್ಪ ಬದಲಿಸಿ ‘ಬೆಲೆ > 0 ಇರುವವರೆಗೆ’ ಎಂದು ಬರೆದರೆ? ಲೆಕ್ಕಶಾಸ್ತ್ರದ ಪಾಠದಲ್ಲೇ ಇದಕ್ಕೆ ಉತ್ತರವಿದೆ. ಈ ಪದ್ಧತಿಯಲ್ಲಿ ಆಸ್ತಿಯ ಬೆಲೆ ಎಂದಿಗೂ ಸೊನ್ನೆಯಾಗುವುದಿಲ್ಲ ಎಂದು ನಾವು ಪರೀಕ್ಷೆಗೆ ಬರೆಯುತ್ತೇವಲ್ಲ, ಅದೇ. ಕಾಗದದಲ್ಲಿ ಅದು ಒಂದು ಅಂಕದ ಉತ್ತರ, ಕಂಪ್ಯೂಟರಿನಲ್ಲಿ ಅದು ನಿಲ್ಲದ ಲೂಪ್. ಸಾವಿರಾರು ಸುತ್ತು ಹೋದ ಮೇಲೆ ಬೆಲೆ ಎಷ್ಟು ಚಿಕ್ಕದಾಗುತ್ತದೆಂದರೆ, ಅದರ ಶೇ. 15 ಎಂಬುದು ಕಂಪ್ಯೂಟರ್ ಹಿಡಿದಿಡಬಲ್ಲ ಅತಿ ಚಿಕ್ಕ ಸಂಖ್ಯೆಗಿಂತಲೂ ಚಿಕ್ಕದಾಗಿ ಸೊನ್ನೆ ಎಂದು ಲೆಕ್ಕಕ್ಕೆ ಬರುತ್ತದೆ. ಕಳೆಯುವುದು ಸೊನ್ನೆ, ಉಳಿಯುವುದು ಸೊನ್ನೆಯಲ್ಲ. ಬೆಲೆ ಅಲ್ಲೇ ನಿಲ್ಲುತ್ತದೆ, ಲೂಪ್ ಮಾತ್ರ ಓಡುತ್ತಲೇ ಇರುತ್ತದೆ. ಆಗ ಕಂಟ್ರೋಲ್ ಕೀ ಹಿಡಿದು ಸಿ ಒತ್ತಿ, ಪ್ರೋಗ್ರಾಂ ನಿಲ್ಲುತ್ತದೆ.

ಇನ್ನೊಂದು ಇದೇ ಜಾತಿಯದು. ಸೊನ್ನೆಯಿಂದ ಶುರುಮಾಡಿ 0.1 ರೂಪಾಯಿ, ಅಂದರೆ 10 ಪೈಸೆ, ಸೇರಿಸುತ್ತಾ ಹೋಗಿ ‘ಮೊತ್ತ 1ಕ್ಕೆ ಸಮವಾಗದಿರುವವರೆಗೆ’ ಎಂದು ಷರತ್ತು ಹಾಕಿದರೆ ಆ ಲೂಪ್ ನಿಲ್ಲುವುದಿಲ್ಲ. ಹತ್ತು ಸಲ ಸೇರಿಸಿದಾಗ ಪೈಥಾನ್ ತೋರಿಸುವುದು 1 ಅಲ್ಲ, 0.9999999999999999. ಏಕೆಂದರೆ ಕಂಪ್ಯೂಟರಿನ ಎರಡಂಕಿ ಪದ್ಧತಿಯಲ್ಲಿ 0.1 ಪೂರ್ತಿಯಾಗಿ ಕೂರುವುದಿಲ್ಲ, ನಮ್ಮ ದಶಮಾಂಶದಲ್ಲಿ ಮೂರನೇ ಒಂದು ಭಾಗ 0.333 ಎಂದು ಮುಗಿಯದೆ ಹೋಗುವ ಹಾಗೆ. ಹಣದ ಲೆಕ್ಕವನ್ನು ಪೈಸೆಯಲ್ಲಿ, ಪೂರ್ಣಾಂಕದಲ್ಲಿ ಇಟ್ಟುಕೊಂಡರೆ ಈ ತೊಂದರೆ ಇಲ್ಲ. ಷರತ್ತಿನಲ್ಲಿ ‘ಸಮವಲ್ಲ’ ಎನ್ನುವ ಬದಲು ‘ಕಡಿಮೆ’ ಎಂದು ಬರೆಯುವುದೂ ಒಳ್ಳೆಯದು. ಆಗ ಗುರಿಯನ್ನು ತಪ್ಪಿಸಿಕೊಂಡು ಹೋದರೂ ಲೂಪ್ ನಿಲ್ಲುತ್ತದೆ.

ಎಷ್ಟು ಸುತ್ತು ಬೇಕು ಎಂದು ಮೊದಲೇ ಲೆಕ್ಕ ಹಾಕಿ ಕುಳಿತವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಗಾರಿದಂ ಎಂಬ ಪದ ಬಗ್ದಾದಿನ ಅಲ್ ಖ್ವಾರಿಜ್ಮಿಯವರ ಹೆಸರಿನಿಂದ ಬಂತು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಕ್ವಿಜ್‌ನಲ್ಲಿ ಪ್ರತಿ ಸಲ ಬರುತ್ತದೆ. ಆದರೆ ಲೂಪಿನ ಪಾಠಕ್ಕೆ ನನಗೆ ಹೆಚ್ಚು ಹತ್ತಿರದವರು ಅಲ್ ಕಾಶಿ. ಅವರು ಸಮರ್ಖಂಡದಲ್ಲಿ ಉಲುಗ್ ಬೇಗ್‌ನ ಬಳಿ ಇದ್ದ ಗಣಿತಜ್ಞ, ಖಗೋಳಜ್ಞ. 1424ರಲ್ಲಿ ವೃತ್ತದ ಪರಿಧಿಯ ಲೆಕ್ಕ ಮಾಡಿದರು. ವೃತ್ತದ ಒಳಗೆ ತ್ರಿಭುಜ ಬರೆದು, ಅದರ ಬಾಹುಗಳನ್ನು ಎರಡರಷ್ಟು ಮಾಡುತ್ತಾ ಹೋದರೆ ಅದು ವೃತ್ತಕ್ಕೆ ಹತ್ತಿರವಾಗುತ್ತದೆ. ಇದು ಮುಗಿಯದ ಕೆಲಸ, ಎಷ್ಟು ಸಲ ಬೇಕಾದರೂ ಮಾಡಬಹುದು. ಅಲ್ ಕಾಶಿ ಮೊದಲು ನಿಲ್ಲುವ ಜಾಗ ಗೊತ್ತು ಮಾಡಿಕೊಂಡರು: ಭೂಮಿಯ ವ್ಯಾಸದ 6,00,000 ಪಟ್ಟು ವ್ಯಾಸವಿರುವ ವೃತ್ತವನ್ನು ತೆಗೆದುಕೊಂಡರೂ ತಪ್ಪು ಒಂದು ಕುದುರೆ ಕೂದಲಿನ ದಪ್ಪಕ್ಕಿಂತ ಕಡಿಮೆ ಇರಬೇಕು. ಅದಕ್ಕೆ ಎಷ್ಟು ಸಲ ಎರಡರಷ್ಟು ಮಾಡಬೇಕು ಎಂದು ಲೆಕ್ಕ ಹಾಕಿದಾಗ ಬಂದದ್ದು 28. ಮೂರು ಬಾಹುಗಳನ್ನು 28 ಸಲ ದ್ವಿಗುಣ ಮಾಡಿದರೆ 80,53,06,368 ಬಾಹುಗಳು. ಆ ಮೇಲೆ ಕೈಯಲ್ಲೇ ಲೆಕ್ಕ ಮಾಡಿದರು, ಸಿಕ್ಕಿದ ಉತ್ತರ 16 ದಶಮಾಂಶ ಸ್ಥಾನಗಳವರೆಗೆ ಸರಿ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಒಂದೊಂದು ಸುತ್ತಿಗೂ ಎಷ್ಟು ಶ್ರಮ ಬೇಕಿತ್ತು ಎಂದು ಯೋಚಿಸಿದರೆ, ಮೊದಲು ಷರತ್ತು, ಆಮೇಲೆ ಲೂಪ್ ಎಂದು ಅವರು ಯಾಕೆ ಹೊರಟರು ಎಂದು ಅರ್ಥವಾಗುತ್ತದೆ.

ಬಸ್ ಮತ್ತು ನಕ್ಕೋ

ಬ್ರೇಕ್ ಮತ್ತು ಕಂಟಿನ್ಯೂ ಎರಡನ್ನೂ ಅದಲು ಬದಲು ಮಾಡುವವರು ಬಹಳ. ನಮ್ಮ ಮನೆಯಲ್ಲಿ ಆಡುವುದು ಉರ್ದು, ಅಂದರೆ ದಖನಿ. ಅದರಲ್ಲಿ ಇವೆರಡಕ್ಕೂ ತಯಾರಾದ ಪದಗಳಿವೆ. ‘ಬಸ್’ ಅಂದರೆ ಸಾಕು. ‘ನಕ್ಕೋ’ ಅಂದರೆ ಬೇಡ. ನಿಕಾಹ್‌ನ ದಾವತ್‌ನಲ್ಲಿ ದಸ್ತರ್‌ಖಾನ್ ಹಾಸಿ ಎಲ್ಲರೂ ಸಾಲಾಗಿ ಕುಳಿತಿರುತ್ತಾರೆ. ಬಡಿಸುವವರು ಬಿರಿಯಾನಿ ಹಿಡಿದು ಒಬ್ಬೊಬ್ಬರ ಮುಂದೆ ಬರುತ್ತಾರೆ. ಇದನ್ನೇ ಪ್ರೋಗ್ರಾಂ ಧಾಟಿಯಲ್ಲಿ ಬರೆದರೆ:

ಫಾರ್ ಅತಿಥಿ ಇನ್ ಸಾಲು:
    ಇಫ್ ಅತಿಥಿ ‘ನಕ್ಕೋ’ ಎಂದರೆ:
        ಕಂಟಿನ್ಯೂ
    ವೈಲ್ ಟ್ರೂ:
        ಒಂದು ಸೌಟು ಬಡಿಸು
        ಇಫ್ ಅತಿಥಿ ‘ಬಸ್’ ಎಂದರೆ:
            ಬ್ರೇಕ್

ಇಲ್ಲಿ ಎರಡು ಲೂಪುಗಳಿವೆ. ಹೊರಗಿನದು ಅತಿಥಿಗಳದು, ಒಳಗಿನದು ಸೌಟಿನದು. ಒಬ್ಬರು ನಕ್ಕೋ ಎಂದರೆ ಅವರಿಗೆ ಬಡಿಸದೆ ಪಕ್ಕದವರ ಬಳಿ ಹೋಗುವುದು, ಅದು ಕಂಟಿನ್ಯೂ. ಊಟ ನಿಲ್ಲಲಿಲ್ಲ, ಆ ಒಂದು ಸುತ್ತು ಮಾತ್ರ ಅಲ್ಲಿಗೆ ಮುಗಿಯಿತು. ಬಡಿಸಿಕೊಂಡವರು ಬಸ್ ಎಂದರೆ ಸೌಟಿನ ಲೂಪ್ ಮುಗಿಯಿತು, ಅದು ಬ್ರೇಕ್. ಒಬ್ಬರು ಬಸ್ ಎಂದರೆಂದು ಬಡಿಸುವವರು ಅಡುಗೆಮನೆಗೆ ವಾಪಸ್ ಹೋಗುವುದಿಲ್ಲ, ಮುಂದಿನವರ ಬಳಿ ಹೋಗುತ್ತಾರೆ. ಪುಸ್ತಕದಲ್ಲಿ ‘ಬ್ರೇಕ್ ತನಗೆ ಹತ್ತಿರದ ಲೂಪಿನಿಂದ ಮಾತ್ರ ಹೊರಬರುತ್ತದೆ’ ಎಂದು ಬರೆದಿರುವುದರ ಅರ್ಥ ಇದೇ.

ಆದರೆ ದೇಗಿನಲ್ಲಿ ಬಿರಿಯಾನಿಯೇ ಮುಗಿದುಹೋದರೆ? ಆಗ ಎರಡೂ ಲೂಪಿನಿಂದ ಹೊರಬರಬೇಕು, ಒಳಗಿನ ಒಂದು ಬ್ರೇಕ್ ಸಾಲದು. ಪೈಥಾನಿನಲ್ಲಿ ಎರಡು ಲೂಪನ್ನು ಒಟ್ಟಿಗೆ ಮುರಿಯುವ ಪದ ಇಲ್ಲ. ‘ಮುಗಿಯಿತು’ ಎಂಬ ಒಂದು ಗುರುತು ಇಟ್ಟುಕೊಂಡು ಹೊರಗಿನ ಲೂಪಿನಲ್ಲೂ ಅದನ್ನು ನೋಡಿ ಬ್ರೇಕ್ ಮಾಡಬೇಕು, ಇಲ್ಲವೇ ಎರಡನ್ನೂ ಒಂದು ಫಂಕ್ಷನ್ ಒಳಗೆ ಹಾಕಿ ರಿಟರ್ನ್ ಮಾಡಬೇಕು. ನನಗೆ ಎರಡನೆಯದೇ ಸ್ವಚ್ಛ ಎನಿಸುತ್ತದೆ.

ಬ್ರೇಕ್ ಎಲ್ಲಿಂದ ಹೊರಗೆ ಕರೆದೊಯ್ಯುತ್ತದೆ ಎಂಬುದು ಅಂಕದ ಪ್ರಶ್ನೆ ಮಾತ್ರ ಅಲ್ಲ. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳ ಜಾಲ ಸುಮಾರು 9 ಗಂಟೆ ಕಾಲ ಕೆಟ್ಟು, ಅರ್ಧದಷ್ಟು ಕರೆಗಳು ಸೇರಲೇ ಇಲ್ಲ. 114 ಸ್ವಿಚಿಂಗ್ ಕೇಂದ್ರಗಳು ಒಂದರ ಹಿಂದೆ ಒಂದು ಬಿದ್ದು, ಎದ್ದು, ಮತ್ತೆ ಬಿದ್ದವು. ಕಾರಣ ಸಿ ಭಾಷೆಯಲ್ಲಿ ಬರೆದ ಹೊಸ ಪ್ರೋಗ್ರಾಮಿನಲ್ಲಿದ್ದ ಒಂದು ಬ್ರೇಕ್. ಸಿ ಭಾಷೆಯಲ್ಲಿ ಬ್ರೇಕ್ ಇಫ್‌ನಿಂದ ಹೊರಬರುವುದಿಲ್ಲ, ಅದನ್ನು ಸುತ್ತಿರುವ ಲೂಪ್ ಅಥವಾ ಸ್ವಿಚ್ ಎಂಬ ರಚನೆಯಿಂದ ಹೊರಬರುತ್ತದೆ. ಅಲ್ಲಿ ಬ್ರೇಕ್ ಇದ್ದದ್ದು ಸ್ವಿಚ್ ಒಳಗಿನ ಇಫ್‌ನಲ್ಲಿ. ಹಾಗಾಗಿ ಪ್ರೋಗ್ರಾಂ ಇಫ್ ದಾಟಿ ಮುಂದಿನ ಸಾಲಿಗೆ ಹೋಗುವ ಬದಲು, ಬಂದ ಸಂದೇಶವನ್ನು ಸಂಸ್ಕರಿಸುವ ಸಾಲುಗಳನ್ನೇ ಹಾರಿ ಆಚೆ ಹೋಯಿತು. ಒಂದೇ ಪದ.

ರದ್ದಾದ ಬಿಲ್ಲು

ಕಂಟಿನ್ಯೂ ನೋಡಲು ಸಾಧು. ಆದರೆ ವೈಲ್ ಒಳಗೆ ಅದು ಕೈಕೊಡುತ್ತದೆ. ಅಂಗಡಿಯ ಐದು ಬಿಲ್ಲುಗಳನ್ನು ಕೂಡಬೇಕು, ರದ್ದಾದ ಬಿಲ್ಲಿಗೆ ಸೊನ್ನೆ ಹಾಕಿದ್ದಾರೆ ಎಂದುಕೊಳ್ಳಿ:

ಬಿಲ್ಲು = [450, 0, 1200, 300, 0]
ಒಟ್ಟು = 0
ಕ್ರಮ = 0
ವೈಲ್ ಕ್ರಮ < 5:
    ಇಫ್ ಬಿಲ್ಲು[ಕ್ರಮ] == 0:
        ಕಂಟಿನ್ಯೂ
    ಒಟ್ಟು = ಒಟ್ಟು + ಬಿಲ್ಲು[ಕ್ರಮ]
    ಕ್ರಮ = ಕ್ರಮ + 1

ಪೆನ್ಸಿಲ್ ಹಿಡಿದು ಸುತ್ತು ಸುತ್ತಾಗಿ ಬರೆಯಿರಿ. ಪೈಥಾನಿನಲ್ಲಿ ಪಟ್ಟಿಯ ಎಣಿಕೆ ಸೊನ್ನೆಯಿಂದ ಶುರು. ಕ್ರಮ 0: ಬಿಲ್ಲು 450, ಒಟ್ಟು 450, ಕ್ರಮ 1 ಆಯಿತು. ಕ್ರಮ 1: ಬಿಲ್ಲು ಸೊನ್ನೆ, ಕಂಟಿನ್ಯೂ. ಕ್ರಮಕ್ಕೆ ಒಂದು ಸೇರಿಸುವ ಸಾಲು ಕೆಳಗೆ ಉಳಿಯಿತು. ಮತ್ತೆ ಕ್ರಮ 1, ಮತ್ತೆ ಸೊನ್ನೆ, ಮತ್ತೆ ಕಂಟಿನ್ಯೂ. ರದ್ದಾದ ಬಿಲ್ಲನ್ನು ಬಿಟ್ಟು ಹೋಗು ಎಂದು ಬರೆದ ಪ್ರೋಗ್ರಾಂ ಅದೇ ಬಿಲ್ಲಿನ ಮುಂದೆ ಕೂತುಬಿಟ್ಟಿತು. ಪರಿಹಾರ ಎರಡು. ಕಂಟಿನ್ಯೂಗೆ ಮೊದಲು ಕ್ರಮವನ್ನು ಹೆಚ್ಚಿಸುವುದು ಒಂದು. ‘ಫಾರ್ ಮೊತ್ತ ಇನ್ ಬಿಲ್ಲು’ ಎಂದು ಬರೆಯುವುದು ಇನ್ನೊಂದು. ಫಾರ್ ತಾನೇ ಮುಂದಿನದಕ್ಕೆ ಹೋಗುತ್ತದೆ, ಕಂಟಿನ್ಯೂ ಬಂದರೂ ನಿಲ್ಲುವುದಿಲ್ಲ. ಸರಿಯಾದ ಒಟ್ಟು 1,950.

ಈಗ ಅದೇ ಫಾರ್ ಲೂಪಿನಲ್ಲಿ ಕಂಟಿನ್ಯೂ ಇರಬೇಕಾದ ಕಡೆ ಬ್ರೇಕ್ ಇದ್ದರೆ ಏನಾಗುತ್ತದೆ ನೋಡಿ. ಎರಡನೆಯ ಬಿಲ್ಲಿನಲ್ಲೇ ಲೂಪ್ ಮುಗಿದು ಒಟ್ಟು 450 ಎಂದು ಬರುತ್ತದೆ. ಸ್ಕ್ರೀನ್ ಹೆಪ್ಪುಗಟ್ಟುವುದಿಲ್ಲ, ಕೆಂಪು ಅಕ್ಷರದ ಎರರ್ ಇಲ್ಲ. ನನ್ನ ಅಭಿಪ್ರಾಯದಲ್ಲಿ ನಿಲ್ಲದ ಲೂಪಿಗಿಂತ ಬೇಗ ನಿಂತ ಲೂಪ್ ಹೆಚ್ಚು ಅಪಾಯ. ನಿಲ್ಲದ್ದು ಕಣ್ಣಿಗೆ ಕಾಣುತ್ತದೆ. ಬೇಗ ನಿಂತದ್ದು ಉತ್ತರ ಕೊಟ್ಟು ಸುಮ್ಮನಿರುತ್ತದೆ. ಲೆಕ್ಕಶಾಸ್ತ್ರದಲ್ಲಿ ಇದರ ಅಣ್ಣ ಇದ್ದಾನೆ, ಎರರ್ ಆಫ್ ಒಮಿಷನ್. ಒಂದು ವ್ಯವಹಾರವನ್ನು ಪೂರ್ತಿಯಾಗಿ ಬರೆಯದೆ ಬಿಟ್ಟರೆ ಡೆಬಿಟ್ಟೂ ಇಲ್ಲ, ಕ್ರೆಡಿಟ್ಟೂ ಇಲ್ಲ, ತಾಳೆ ಪಟ್ಟಿ ಸರಿಯಾಗಿ ತಾಳೆಯಾಗುತ್ತದೆ. ತಪ್ಪು ಹೊರಗೆ ಬೀಳುವುದೇ ಇಲ್ಲ.

ಡಿಸೆಂಬರ್ 31

ಎಲ್ಲಕ್ಕಿಂತ ನನಗೆ ಹಿಡಿಸಿದ ಉದಾಹರಣೆ ಇದು. ಮೈಕ್ರೋಸಾಫ್ಟ್ ಕಂಪನಿ 2006ರಲ್ಲಿ ಝೂನ್ ಎಂಬ ಹಾಡು ಕೇಳುವ ಸಾಧನವನ್ನು ಮಾರುಕಟ್ಟೆಗೆ ತಂದಿತು. 2008ರ ಡಿಸೆಂಬರ್ 31ರಂದು 30 ಜಿಬಿಯ ಝೂನ್‌ಗಳು ಇದ್ದಕ್ಕಿದ್ದಂತೆ ಸ್ತಬ್ಧವಾದವು. ಆನ್ ಮಾಡಿದರೂ ಮುಂದೆ ಹೋಗುತ್ತಿರಲಿಲ್ಲ. ಗಡಿಯಾರದ ಭಾಗದಲ್ಲಿದ್ದ ಒಂದು ವೈಲ್ ಲೂಪ್ ಕಾರಣ. 1980ರ ಜನವರಿ 1ರಿಂದ ಎಷ್ಟು ದಿನ ಆಯಿತು ಎಂಬ ಸಂಖ್ಯೆ ಕೊಟ್ಟರೆ, ಅದರಿಂದ ಒಂದೊಂದು ವರ್ಷದ ದಿನಗಳನ್ನು ಕಳೆದು ಈಗ ಯಾವ ವರ್ಷ ಎಂದು ಹೇಳುವುದು ಅದರ ಕೆಲಸ. ಅದರ ಸಾರ ಹೀಗಿದೆ:

ವೈಲ್ ದಿನ > 365:
    ಇಫ್ ವರ್ಷ ಅಧಿಕ ವರ್ಷವಾದರೆ:
        ಇಫ್ ದಿನ > 366:
            ದಿನ = ದಿನ - 366
            ವರ್ಷ = ವರ್ಷ + 1
    ಎಲ್ಸ್:
        ದಿನ = ದಿನ - 365
        ವರ್ಷ = ವರ್ಷ + 1

ಒಮ್ಮೆ ಓದಿದರೆ ಎಲ್ಲ ಸರಿಯಾಗಿದೆ ಎನಿಸುತ್ತದೆ. ಫೆಬ್ರವರಿ 29ನ್ನೂ ಯೋಚಿಸಿದ್ದಾರೆ. ಈಗ ದಿನ 366, ವರ್ಷ 2008 ಎಂದು ಹಾಕಿ ಓಡಿಸಿ. 366 ಎಂಬುದು 365ಕ್ಕಿಂತ ಹೆಚ್ಚು, ಒಳಗೆ ಹೋದೆವು. 2008 ಅಧಿಕ ವರ್ಷ, ಹೌದು. 366 ಎಂಬುದು 366ಕ್ಕಿಂತ ಹೆಚ್ಚೇ? ಇಲ್ಲ. ಕಳೆಯಲಿಲ್ಲ, ಕೂಡಲಿಲ್ಲ, ಏನೂ ಬದಲಾಗಲಿಲ್ಲ. ಮತ್ತೆ ಮೇಲಕ್ಕೆ. ದಿನ ಇನ್ನೂ 366. ಹೀಗೆ ಬ್ಯಾಟರಿ ಮುಗಿಯುವವರೆಗೆ. ಕಂಪನಿ ಕೊಟ್ಟ ಸಲಹೆಯೂ ಅದೇ: ಬ್ಯಾಟರಿ ಪೂರ್ತಿ ಇಳಿಯಲು ಬಿಡಿ, ಜನವರಿ 1ರಂದು ಗ್ರೀನ್‌ವಿಚ್ ಸಮಯ ಮಧ್ಯಾಹ್ನದ ನಂತರ ಚಾರ್ಜ್ ಮಾಡಿ. ಆ ಹೊತ್ತಿಗೆ ತಾರೀಕು ಬದಲಾಗಿ ಸಾಧನಗಳು ತಾವೇ ಸರಿಯಾದವು.

2006, 2007ರಲ್ಲಿ ಯಾಕೆ ಆಗಲಿಲ್ಲ? ಅವು ಅಧಿಕ ವರ್ಷಗಳಲ್ಲ. 2008ರಲ್ಲಿ 365 ದಿನ ಚೆನ್ನಾಗಿ ಓಡಿ, 366ನೆಯ ದಿನ ಮಾತ್ರ ಸಿಕ್ಕಿಬಿತ್ತು. ಒಳಗಿನ ಇಫ್‌ಗೆ ಒಂದು ಎಲ್ಸ್ ಇಟ್ಟು ಅದರಲ್ಲಿ ಬ್ರೇಕ್ ಎಂದು ಬರೆದಿದ್ದರೆ ಸಾಕಿತ್ತು. ಈ ಲೂಪಿನಲ್ಲಿ ಮೂರು ದಾರಿಗಳಿವೆ. ಎರಡು ದಾರಿಯಲ್ಲಿ ದಿನ ಕಡಿಮೆಯಾಗುತ್ತದೆ, ಮೂರನೆಯದರಲ್ಲಿ ಏನೂ ಆಗುವುದಿಲ್ಲ. ಬಿಲ್ಲಿನ ಉದಾಹರಣೆಯಲ್ಲೂ ಅಷ್ಟೇ, ಕಂಟಿನ್ಯೂ ದಾರಿಯಲ್ಲಿ ಕ್ರಮ ಬದಲಾಗಲಿಲ್ಲ. ಹಾಗಾಗಿ ವೈಲ್ ಬರೆದ ಮೇಲೆ ಷರತ್ತನ್ನು ಮಾತ್ರ ನೋಡಿದರೆ ಆಗದು. ಒಳಗಿನ ಪ್ರತಿ ಇಫ್, ಪ್ರತಿ ಎಲ್ಸ್, ಬರೆಯದೆ ಬಿಟ್ಟ ಎಲ್ಸ್ ಕೂಡ, ಬೆರಳಿಟ್ಟು ನೋಡಬೇಕು: ಈ ದಾರಿಯಲ್ಲಿ ಬಂದರೆ ಷರತ್ತಿನಲ್ಲಿರುವ ಸಂಖ್ಯೆ ಬದಲಾಗುತ್ತದೆಯೇ?

ಇದನ್ನು ಕಂಪ್ಯೂಟರೇ ನೋಡಿ ಹೇಳಬಾರದೇ ಎಂದು ತರಗತಿಯಲ್ಲಿ ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ, ಉತ್ತರ ಹಳೆಯದು. ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ನಿಲ್ಲುತ್ತದೆಯೋ ಇಲ್ಲವೋ ಎಂದು ತಪ್ಪದೆ ಹೇಳುವ ಒಂದೇ ವಿಧಾನ ಇರಲು ಸಾಧ್ಯವಿಲ್ಲ. ಇದು ಅಲನ್ ಟ್ಯೂರಿಂಗ್ ಅವರ 1936ರ ಪ್ರಬಂಧದಿಂದ ಬಂದ ಫಲಿತಾಂಶ. ಈಗ ನಾವು ಬಳಸುವ ಕಂಪ್ಯೂಟರುಗಳು ಹುಟ್ಟುವ ಮೊದಲೇ. ಕೆಲವು ಲೂಪುಗಳ ಬಗ್ಗೆ ಎಚ್ಚರಿಸುವ ಸಾಧನಗಳಿವೆ, ಎಲ್ಲದರ ಬಗ್ಗೆ ಹೇಳುವುದು ಇರಲಾರದು. ಪೆನ್ಸಿಲ್ ಬಿಡುವ ಹಾಗಿಲ್ಲ.

ಪೈಥಾನಿನ ಇನ್ನೊಂದು ಚಿಕ್ಕ ವಿಷಯ. ಲೂಪಿಗೂ ಎಲ್ಸ್ ಇದೆ. ಲೂಪ್ ಬ್ರೇಕ್ ಆಗದೆ ಪೂರ್ತಿ ಮುಗಿದರೆ ಮಾತ್ರ ಆ ಎಲ್ಸ್ ನಡೆಯುತ್ತದೆ. ಪಟ್ಟಿಯಲ್ಲಿ ಒಂದು ರೋಲ್ ನಂಬರ್ ಹುಡುಕುವಾಗ ಉಪಯೋಗ: ಸಿಕ್ಕರೆ ಬ್ರೇಕ್, ಕೊನೆಯವರೆಗೂ ಸಿಗದಿದ್ದರೆ ಎಲ್ಸ್‌ನಲ್ಲಿ ‘ಸಿಗಲಿಲ್ಲ’ ಎಂದು ಪ್ರಿಂಟ್. ಈ ಎಲ್ಸ್ ಅನ್ನು ಇಫ್‌ನ ನೇರಕ್ಕೆ ಇಡಬೇಡಿ, ಫಾರ್‌ನ ನೇರಕ್ಕೆ ಇಡಿ. ಇಫ್‌ನ ನೇರಕ್ಕೆ ಇಟ್ಟರೆ ಪ್ರತಿ ಹೆಸರಿಗೂ ಒಂದು ‘ಸಿಗಲಿಲ್ಲ’ ಬೀಳುತ್ತದೆ.

ಮಾಡಿ ನೋಡಿ: ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ಸವಕಳಿ ಶೇ. 40. 50,000 ರೂಪಾಯಿಯ ಕಂಪ್ಯೂಟರಿನ ಬೆಲೆ 5,000ಕ್ಕಿಂತ ಕೆಳಗೆ ಬರಲು ಎಷ್ಟು ವರ್ಷ? ಮೊದಲು ಕಾಗದದ ಮೇಲೆ ಸುತ್ತುಗಳನ್ನು ಬರೆಯಿರಿ, ಆಮೇಲೆ ಲ್ಯಾಬಿನಲ್ಲಿ ಓಡಿಸಿ. 5 ವರ್ಷ, 3,888 ರೂಪಾಯಿ ಬರಬೇಕು. ಅದು ಬಂದ ಮೇಲೆ ಝೂನ್ ಲೂಪನ್ನು ಬ್ರೇಕ್ ಸೇರಿಸಿ ಬರೆದು, ದಿನ 366 ಮತ್ತು 367 ಎರಡನ್ನೂ ಕೊಟ್ಟು ನೋಡಿ; ಪ್ರತಿ ಸಲವೂ ವರ್ಷ 2008ರಿಂದಲೇ ಶುರುವಾಗಲಿ.